ಅಕ್ಕನ ಮಗುವನ್ನು ಓದಿಸುವವರು ಆದಾಯ ತೆರಿಗೆಯಲ್ಲಿ ಏನನ್ನು ಕೇಳಬಹುದು?

ಊರಿನಲ್ಲಿರುವ ಒಡಹುಟ್ಟಿದವರ ಮಕ್ಕಳನ್ನು ಬೆಂಗಳೂರಿನ ತಮ್ಮ ಮನೆಯಲ್ಲಿಟ್ಟುಕೊಂಡು ಓದಿಸುವ ಕುಟುಂಬಗಳು ಇಂದಿಗೂ ಬೇಕಾದಷ್ಟಿವೆ. ನಾನೂ ಒಂದು ವರ್ಷ ಕಚೇರಿಗೆ 12ಬಿಬಿ ನಮೂನೆ (ನೌಕರರು ತಮ್ಮ ತೆರಿಗೆ ಕಡಿತಗಳ ವಿವರವನ್ನು ಸಂಸ್ಥೆಗೆ ತಿಳಿಸುವ ಪತ್ರ) ಕೊಡುವಾಗ ಅಕ್ಕನ ಮಗನ ಶಾಲಾ ರಸೀದಿಯನ್ನು ಲಗತ್ತಿಸಿದ್ದೆ. ತಂದೆಯ ಹೆಸರಿನ ಜಾಗದಲ್ಲಿ ಭಾವನವರ ಹೆಸರಿದ್ದುದನ್ನು ಲೆಕ್ಕಪತ್ರ ವಿಭಾಗದವರು ಪೆನ್ಸಿಲಿನಿಂದ ಸುತ್ತಿ ಹಿಂದಿರುಗಿಸಿದರು. ಅವರು ಮಾಡಿದ್ದೇ ಸರಿಯಾಗಿತ್ತು.

ಮಗು ಯಾರ ಮನೆಯಲ್ಲಿ ಉಣ್ಣುತ್ತದೆ ಎಂಬುದನ್ನಲ್ಲ, ಕಾನೂನಿನ ಪ್ರಕಾರ ಯಾರ ಮಗು ಎಂಬುದನ್ನೇ ನಮ್ಮ ತೆರಿಗೆ ಕಾಯ್ದೆ ನೋಡುತ್ತದೆ. 80ಸಿ ಕಲಂನ ಒಂದೂವರೆ ಲಕ್ಷ ರೂಪಾಯಿ ಮಿತಿಯೊಳಗೆ ಬೋಧನಾ ಶುಲ್ಕಕ್ಕೆ ಸಿಗುವ ಕಡಿತವು (ಅಂದರೆ, ತೆರಿಗೆ ಲೆಕ್ಕ ಹಾಕುವ ಮುನ್ನ ಆದಾಯದಿಂದ ಕಳೆಯುವ ಮೊತ್ತವು) ಸ್ವಂತ ಮಕ್ಕಳಿಗೆ, ಅದರಲ್ಲೂ ಇಬ್ಬರಿಗೆ ಮಾತ್ರ. ದತ್ತು ಮಗು ಮತ್ತು ಮಲಮಗು ಈ ಲೆಕ್ಕಕ್ಕೆ ಸೇರುತ್ತಾರೆ, ಸೋದರಳಿಯ ಸೇರುವುದಿಲ್ಲ. 80ಡಿ ಅಡಿಯ ಆರೋಗ್ಯ ವಿಮೆಗೂ ಇದೇ ಮಾತು. ಈ ಕಡಿತಗಳೆಲ್ಲ ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗಷ್ಟೇ ಇವೆ. ಇಲ್ಲಿರುವ ಕಲಂ ಸಂಖ್ಯೆಗಳು 1961ರ ಕಾಯ್ದೆಯವು; 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಕಾಯ್ದೆಯಲ್ಲಿ ಸಂಖ್ಯೆಗಳು ಬದಲಾಗಿವೆ.

ಹಾಗಾದರೆ ದಾರಿಯೇ ಇಲ್ಲವೆಂದಲ್ಲ. ಅಕ್ಕನಿಗೆ ಸ್ವಂತ ಆದಾಯವಿದ್ದು ಆಕೆ ಹಳೆಯ ಪದ್ಧತಿಯಲ್ಲಿದ್ದರೆ, ನೀವು ಕೊಡಬೇಕೆಂದಿರುವ ಹಣವನ್ನು ಆಕೆಯ ಬ್ಯಾಂಕ್ ಖಾತೆಗೆ ಹಾಕಿ, ಶುಲ್ಕವನ್ನು ಆಕೆಯೇ ಕಟ್ಟಿ ತನ್ನ ರಿಟರ್ನ್‌ನಲ್ಲಿ ತೋರಿಸುವುದು ಅತ್ಯಂತ ನೇರವಾದ ಕ್ರಮ. ಒಡಹುಟ್ಟಿದವರು ಕೊಟ್ಟ ಉಡುಗೊರೆಗೆ ತೆರಿಗೆ ಇಲ್ಲ. ರಸೀದಿಯಲ್ಲಿ ಬೋಧನಾ ಶುಲ್ಕವನ್ನು ಪ್ರತ್ಯೇಕವಾಗಿ ನಮೂದಿಸುವಂತೆ ಶಾಲೆಯವರನ್ನು ಕೇಳಿಕೊಳ್ಳಿ. ಅಭಿವೃದ್ಧಿ ಶುಲ್ಕ ಮತ್ತು ದೇಣಿಗೆಗೆ ಕಡಿತವಿಲ್ಲ. ಮಗುವಿನ ಹೆಸರಿನಲ್ಲೇ ಠೇವಣಿ ಇಟ್ಟರೆ, ಅದರ ಬಡ್ಡಿಯು ತಂದೆ ತಾಯಿಯರ ಪೈಕಿ ಹೆಚ್ಚು ಆದಾಯವುಳ್ಳವರ ಆದಾಯಕ್ಕೆ ಸೇರುತ್ತದೆಂಬುದನ್ನು ಅವರಿಗೆ ಮೊದಲೇ ತಿಳಿಸುವುದು ಒಳ್ಳೆಯದು.

ಅಣ್ಣತಮ್ಮಂದಿರ ಮಕ್ಕಳ ವಿಷಯ ಸ್ವಲ್ಪ ಬೇರೆ. ಹಿಂದೂ ಅವಿಭಕ್ತ ಕುಟುಂಬಕ್ಕೆ ಪ್ರತ್ಯೇಕ ಪ್ಯಾನ್ ಮತ್ತು ಆದಾಯವಿದ್ದು, ಆ ಮಕ್ಕಳು ಅದರ ಸದಸ್ಯರಾಗಿದ್ದರೆ, ಅವರ ಆರೋಗ್ಯ ವಿಮೆಯ ಕಂತನ್ನು ಕುಟುಂಬದ ಹಣದಿಂದ ಕಟ್ಟಿ, ಕುಟುಂಬದ ರಿಟರ್ನ್‌ನಲ್ಲಿ 80ಡಿ ಕಡಿತ ಕೇಳಬಹುದು. ಬೋಧನಾ ಶುಲ್ಕಕ್ಕೆ ಈ ದಾರಿ ಇಲ್ಲ.

ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಗುವಾದರೆ, ತೆರಿಗೆಯ ಮಾತಿರಲಿ, ಆ ಮಗುವಿನ ಭದ್ರತೆಗಾಗಿಯೇ ಕಾನೂನುಬದ್ಧ ಪಾಲಕತ್ವವನ್ನು ಪಡೆದುಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ಇದಕ್ಕೆ ಅರ್ಜಿ ಹಾಕಬೇಕು. ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯವು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ನ್ಯಾಯಾಲಯದ ಆದೇಶ ಕೈಸೇರಿದ ಮೇಲೆ, ಹತ್ತು ವರ್ಷದೊಳಗಿನ ಹೆಣ್ಣುಮಗುವಿಗೆ ಸುಕನ್ಯಾ ಸಮೃದ್ಧಿ ಖಾತೆ ತೆರೆದು 80ಸಿ ಕಡಿತ ಪಡೆಯಬಹುದು. ಪಾಲಕರಾಗಿ ಆ ಮಗುವಿನ ಉನ್ನತ ಶಿಕ್ಷಣಕ್ಕೆ ನಿಮ್ಮ ಹೆಸರಿನಲ್ಲಿ ಬ್ಯಾಂಕ್ ಸಾಲ ತೆಗೆದರೆ, ಅದರ ಬಡ್ಡಿಗೆ 80ಇ ಅಡಿ ಎಂಟು ವರ್ಷಗಳವರೆಗೆ, ಮೊತ್ತದ ಮಿತಿಯಿಲ್ಲದೆ, ಕಡಿತವಿದೆ. ಪಾಲಕತ್ವ ದೊರೆತರೂ ಶಾಲಾ ಶುಲ್ಕಕ್ಕೆ ಕಡಿತ ಸಿಗದು. ಅದಕ್ಕೆ ವಿಧಿವತ್ತಾದ ದತ್ತು ಸ್ವೀಕಾರವೇ ಆಗಬೇಕು.

ಸೋದರಳಿಯನನ್ನು ಮಗನೆಂದು ಬರೆದು ಈಗಾಗಲೇ ರಿಟರ್ನ್ ಸಲ್ಲಿಸಿದ್ದರೆ, ನೋಟಿಸಿಗಾಗಿ ಕಾಯದೆ ಪರಿಷ್ಕೃತ ರಿಟರ್ನ್ ಸಲ್ಲಿಸಿ ಬಾಕಿ ತೆರಿಗೆ ಕಟ್ಟಿಬಿಡಿ. ಆದಾಯವನ್ನು ತಪ್ಪಾಗಿ ತೋರಿಸಲಾಗಿದೆ ಎಂದು ಇಲಾಖೆ ತೀರ್ಮಾನಿಸಿದರೆ, ದಂಡವು ಆ ತೆರಿಗೆಯ ಶೇ. 200ರಷ್ಟಾಗುತ್ತದೆ.