ಬರೆದವರೇ ಟೆಸ್ಟ್ ಮಾಡಬಾರದು: ಹಾಲಿನ ಸಂಘದ ಸಾಫ್ಟ್‌ವೇರ್‌ನಲ್ಲಿ ನನ್ನ ಅನುಭವ

ನಾವು ಮಾಡಿದ ಹಾಲು ಸಂಗ್ರಹಣೆ ಸಾಫ್ಟ್‌ವೇರ್ ಈಗ ತಿಪಟೂರು, ಅರಸೀಕೆರೆ ಸುತ್ತ ಹತ್ತಿರ ಹತ್ತಿರ ನಲವತ್ತು ಸಂಘಗಳಲ್ಲಿ ಓಡುತ್ತಿದೆ. ಬಟವಾಡೆ ದಿನ ನನಗೆ ಫೋನ್ ಬರುವುದು ಹೆಚ್ಚುಕಡಿಮೆ ನಿಂತೇ ಹೋಗಿದೆ. ಕೋಡ್ ಬರೆದವರ ಕೈಯಿಂದ ಟೆಸ್ಟಿಂಗ್ ತೆಗೆದದ್ದರ ಫಲ ಇದು. "ಬರೆದವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ? ದಂಡಕ್ಕೆ ಇನ್ನೊಂದು ಸಂಬಳ" ಎಂದಿದ್ದ ಗೆಳೆಯರಿಗೆ ಈಗ ಲೆಕ್ಕವನ್ನೇ ತೋರಿಸಬಲ್ಲೆ.

ಸೋತ ದಾರಿಗಳನ್ನು ಮೊದಲು ಹೇಳುತ್ತೇನೆ. ಇಬ್ಬರು ಡೆವಲಪರ್‌ಗಳು ಒಬ್ಬರದನ್ನೊಬ್ಬರು ನೋಡಲಿ ಎಂದು ಕೆಲವು ತಿಂಗಳು ನಡೆಸಿದೆವು. ಸದಸ್ಯರು ಒಂದು ಹೊತ್ತಿಗೆ ಒಂದೇ ಸಲ ಹಾಲು ಹಾಕುತ್ತಾರೆ ಎಂದು ಬರೆದವನೂ ನಂಬಿದ್ದ, ನೋಡಲು ಪಕ್ಕದಲ್ಲಿ ಕೂತವನೂ ನಂಬಿದ್ದ, ಹಾಗಾಗಿ ತಪ್ಪು ಇಬ್ಬರಿಗೂ ಕಾಣಲಿಲ್ಲ. ಆಮೇಲೆ ಬೆಂಗಳೂರಿನ ಒಂದು ಏಜೆನ್ಸಿಗೆ ಅರವತ್ತು ಸಾವಿರದಷ್ಟು ಸುರಿದೆವು. ಬಟನ್ ಬಣ್ಣ, ಅಕ್ಷರದ ಅಳತೆ ಅಂತ ಇನ್ನೂರರಷ್ಟು ದೂರು ಕಳಿಸಿದರು. ದುಡ್ಡಿನ ಲೆಕ್ಕದ ತಪ್ಪು ಒಂದೂ ಸಿಕ್ಕಿರಲಿಲ್ಲ. ಫ್ಯಾಟ್ 3.5, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) 8.5 ಬಿಟ್ಟು ಬೇರೆ ಅಂಕಿ ಹಾಕಿ ನೋಡಿದ್ದರೆ ತಾನೇ?

ಕೊನೆಗೆ, ಸಂಘವೊಂದರಲ್ಲಿ ಬಹಳ ವರ್ಷ ಹಾಲು ಅಳೆದು ಫ್ಯಾಟ್ ನೋಡಿದ ಒಬ್ಬ ಅಕ್ಕನನ್ನು ಕರೆತಂದೆ. ವಾರಕ್ಕೆ ಮೂರು ದಿನ, ತಿಂಗಳಿಗೆ ಹತ್ತು ಸಾವಿರ ಚಿಲ್ಲರೆ. ಅವರ ಪಕ್ಕ ನಿಂತು ಯಾವ ಡೆವಲಪರ್ರೂ ವಿವರಿಸುವಂತಿಲ್ಲ, ಅವರು ಕೋಡ್ ನೋಡುವಂತಿಲ್ಲ. ಸಂಘಕ್ಕೆ ಏನು ಹೋಗುತ್ತದೋ ಅದೇ ಅವರಿಗೂ ಹೋಗಬೇಕು.

ಮೊದಲ ದಿನವೇ ನನ್ನನ್ನು ಕರೆದರು. "ಒಂದು ಹಸು ಕರೆಯೋದು ತಡ ಆಯ್ತು ಅಂತ ಮತ್ತೆ ತರ್ತಾರಲ್ಲ ಸಾರ್, ಎರಡನೇ ಸಲ ಹಾಕಿದ್ರೆ ಇದು ಮೊದಲಿಂದನ್ನ ನುಂಗ್ತಿದೆ." ನಾಲ್ಕೂವರೆ ಲೀಟರ್ ಮಾಯ!

ಇನ್ನೊಂದು ದಿನ ಕೀಬೋರ್ಡ್ ಕನ್ನಡದಲ್ಲೇ ಇದ್ದಾಗ ಲೀಟರ್ ಜಾಗದಲ್ಲಿ ೪.೫ ಎಂದು ಒತ್ತಿದರು. ನಮ್ಮ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಉಳಿಸುವ ಭಾಗ ಪೈಥಾನ್ ಭಾಷೆಯಲ್ಲಿದೆ, ಅದು ಓದಿ 4.5 ಎಂದು ಸರಿಯಾಗಿ ಉಳಿಸಿಕೊಂಡಿತು. ಚೀಟಿ ತಯಾರಿಸುವ ಭಾಗ ಜಾವಾಸ್ಕ್ರಿಪ್ಟ್‌ನಲ್ಲಿದೆ, ಅದಕ್ಕೆ ೪.೫ ಅಂಕಿಯೇ ಅಲ್ಲ. ಡೇಟಾಬೇಸ್ ಸರಿ, ರೈತರ ಕೈಗೆ ಹೋಗುವ ಚೀಟಿ ತಪ್ಪು. ನಮ್ಮ ಹುಡುಗರು ಅಂಕಿಯನ್ನು ಇಂಗ್ಲಿಷಿನಲ್ಲೇ ಒತ್ತುವವರು, ಅವರ ಕೈಗೆ ಇದು ಯಾವತ್ತೂ ಸಿಗುತ್ತಿರಲಿಲ್ಲ. ಕುಮಾರ್ ಎಂಬ ಒಬ್ಬನೇ ಸದಸ್ಯ ಎರಡು ಸಲ ನೋಂದಣಿಯಾದದ್ದನ್ನು ಹಿಡಿದವರೂ ಅವರೇ. ಒಂದು ಕೀಬೋರ್ಡ್ ಕೊನೆಯ ಅರ್ಧಾಕ್ಷರದ ನಂತರ ಝಡ್‌ಡಬ್ಲ್ಯುಎನ್‌ಜೆ ಎಂಬ ಕಣ್ಣಿಗೆ ಕಾಣದ ಗುರುತು ಸೇರಿಸುತ್ತಿತ್ತು, ಇನ್ನೊಂದು ಸೇರಿಸುತ್ತಿರಲಿಲ್ಲ. ಹಾಗಾಗಿ ಕಂಪ್ಯೂಟರಿಗೆ ಅವು ಎರಡು ಬೇರೆ ಹೆಸರುಗಳು.

ಮೊದಲೆಲ್ಲ ಲೆಕ್ಕ ತಪ್ಪಿದಾಗ ಊರೂರಿಗೆ ಓಡಿ ಸರಿಮಾಡುವುದಕ್ಕೇ ವರ್ಷಕ್ಕೆ ಎರಡೂವರೆ ಲಕ್ಷದ ಆಸುಪಾಸು ಹೋಗುತ್ತಿತ್ತು. ಈಗ ಅಕ್ಕನ ಸಂಬಳ ಸೇರಿಸಿದರೂ ಅದರ ಮುಕ್ಕಾಲು ದಾಟುವುದಿಲ್ಲ. ಈ ಭಾಗದಲ್ಲಿ ಬಟವಾಡೆ ಇಷ್ಟು ಸಲೀಸಾಗಿ ಮುಗಿಸುವ ಸಾಫ್ಟ್‌ವೇರ್ ಬೇರೆ ಇಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಮಧ್ಯೆ ಕುತೂಹಲಕ್ಕೆ, ಸಾಫ್ಟ್‌ವೇರಿನ ಒಂದು ಪ್ರತಿಗೆ ಬೇಕೆಂದೇ ಹತ್ತು ತಪ್ಪು ಸೇರಿಸಿ ಕೊಟ್ಟು ನೋಡಿದೆ. ಡೆವಲಪರ್‌ಗೆ ಮೂರೋ ನಾಲ್ಕೋ ಸಿಕ್ಕವು, ಅಕ್ಕನಿಗೆ ಎಂಟು. ಎಐ ಹತ್ತಿರವೂ ಟೆಸ್ಟ್ ಬರೆಸಿದೆ. ಕೋಡ್ ಓದಿಯೇ ಬರೆಯಿತು, ಮುನ್ನೂರು ಚಿಲ್ಲರೆ ಟೆಸ್ಟ್, ಎಲ್ಲ ಪಾಸ್. ತೆರೆದು ನೋಡಿದರೆ ಎರಡನೇ ಸಲದ ಹಾಲು ಮೊದಲಿನದನ್ನು ಅಳಿಸುವುದೇ ಸರಿ ಎಂದು ಅದರಲ್ಲೂ ಬರೆದಿತ್ತು! ತನ್ನ ಪ್ರೋಗ್ರಾಂ ತಾನೇ ಪರೀಕ್ಷಿಸಬಾರದು ಎಂದು ಗ್ಲೆನ್‌ಫೋರ್ಡ್ ಮೈಯರ್ಸ್ ಸಾಫ್ಟ್‌ವೇರ್ ಟೆಸ್ಟಿಂಗ್ ಕುರಿತ ತಮ್ಮ ಪುಸ್ತಕದಲ್ಲಿ 1979ರಲ್ಲೇ ಬರೆದಿದ್ದರು. ಎಐಗೂ ಅದೇ ಮಾತು ಸಲ್ಲುತ್ತದೆ.

ರಿಲೀಸ್‌ಗೆ ಹಿಂದಿನ ದಿನ ಅಕ್ಕನಿಗೆ ಯಾವ ಸಂಘದ ಯಾವ ತಿಂಗಳ ಲೆಕ್ಕ ಕೊಡುತ್ತೇನೆ ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಅನ್ನದ ಪ್ರಶ್ನೆ.

ಈಗಿನ ತೊಂದರೆ ಬೇರೆ. ಅಕ್ಕನಿಗೂ ನಮ್ಮ ಸ್ಕ್ರೀನ್ ರೂಢಿಯಾಗಿದೆ, ಎಲ್ಲಿ ಒತ್ತಿದರೆ ತಡವಾಗುತ್ತದೆ ಎಂದು ಗೊತ್ತಾಗಿ ಬೇರೆ ದಾರಿಯಲ್ಲಿ ಹೋಗಿಬಿಡುತ್ತಾರೆ. ಬಟವಾಡೆಯಲ್ಲಿ ಪಶು ಆಹಾರದ ದುಡ್ಡು ಕಡಿತ ಮಾಡುವ ಭಾಗ ಮುಂದಿನ ತಿಂಗಳು ತಯಾರಾಗುತ್ತದೆ. ಅದಕ್ಕೆ, ನಮ್ಮ ಸಾಫ್ಟ್‌ವೇರ್ ಒಮ್ಮೆಯೂ ನೋಡಿರದ ಒಂದು ಸಂಘದ ಕಾರ್ಯದರ್ಶಿಯನ್ನು ಮಾತಾಡಿಸಿ ಬಂದಿದ್ದೇನೆ.