ಹರಳನ್ನು ಕೀಳುವ ಮುನ್ನ ಒಂದು ಚಿತ್ರ

ತೊಳೆದು ಒರೆಸಿ ಕಪ್ಪು ಬಟ್ಟೆಯ ಮೇಲಿಟ್ಟ ಹರಳಿನ ಚಿತ್ರವನ್ನು ನಾಳೆಯೂ ತೆಗೆಯಬಹುದು, ಮುಂದಿನ ವರ್ಷವೂ ತೆಗೆಯಬಹುದು. ಅದೇ ಹರಳು ಕೆಂಪು ಜೇಡಿಮಣ್ಣಿನಲ್ಲಿ ಅರ್ಧ ಹುದುಗಿ, ತುದಿಯನ್ನಷ್ಟೇ ಹೊರಗೆ ಚಾಚಿಕೊಂಡಿರುವ ನೋಟ ಸಿಗುವುದು ಒಂದೇ ಸಲ. ಹಾಗಾಗಿ ಆಗಾಗ ನಿಲ್ಲಿಸಿ ಕ್ಯಾಮೆರಾಕ್ಕೆ ಅವಕಾಶ ಕೊಡುತ್ತಲೇ ಅಗೆಯಬೇಕು ಎನ್ನುವವನು ನಾನು.

ಜಾಗದ ಒಡೆಯರ ಅನುಮತಿ ಪಡೆದು, ರಕ್ಷಣಾ ಕನ್ನಡಕ ಹಾಕಿಕೊಂಡೇ ಕೆಲಸ ಶುರುಮಾಡಿ. ಗುಂಡಿಯ ಗೋಡೆಯನ್ನು ಬುಡದಲ್ಲಿ ಕೊರೆಯುತ್ತಾ ಒಳಗೆ ನುಗ್ಗಬೇಡಿ. ಮೇಲಿನ ಮಣ್ಣು ಕುಸಿಯಲು ಕ್ಷಣ ಸಾಕು.

ಸಲಿಕೆ ಮುಟ್ಟುವ ಮೊದಲು ಇಡೀ ಜಾಗದ ಒಂದು ಚಿತ್ರ ತೆಗೆಯಿರಿ. ಟ್ರೈಪಾಡಿನ ಮೂರು ಕಾಲುಗಳು ಊರಿದ ಕಡೆ ಕಲ್ಲಿಟ್ಟು ಗುರುತು ಮಾಡಿ. ಪ್ರತಿ ಹಂತದಲ್ಲೂ ಅಲ್ಲಿಗೇ ಮರಳಿ ಬಂದು ಕ್ಲಿಕ್ಕಿಸಿದರೆ, ಗುಂಡಿ ಆಳವಾಗುತ್ತಾ ಹೋದದ್ದು ಚಿತ್ರಗಳಲ್ಲಿ ತಾನೇ ಕಾಣುತ್ತದೆ. ಗುಂಡಿಯ ಬಳಿ ಲೆನ್ಸ್ ಬದಲಿಸಬೇಡಿ, ದೂಳು ಒಳಗೆ ಸೇರುತ್ತದೆ.

ಬಂಡೆಯಲ್ಲಿ ಬಿಳಿ ಬೆಣಚುಕಲ್ಲಿನ ಪಟ್ಟೆ ಉಬ್ಬಿ ಅಗಲವಾಗುವ ಕಡೆ ಪೊಟರೆ ಇರುವ ಸಾಧ್ಯತೆ ಹೆಚ್ಚು. ಹರಳಿಗೆ ಮೈಚಾಚಲು ಖಾಲಿ ಜಾಗ ಬೇಕು. ಬಿಸಿನೀರಿನಲ್ಲಿ ಕರಗಿದ್ದ, ಬೆಣಚಿನ ಮೂಲವಸ್ತುವಾದ ಸಿಲಿಕಾ ಆ ಪೊಟರೆಯ ಗೋಡೆಗೆ ಕಚ್ಚಿಕೊಂಡು ಒಳಮುಖವಾಗಿ ಬೆಳೆದಿರುತ್ತದೆ. ಪೊಟರೆ ತೆರೆದುಕೊಂಡ ಕೂಡಲೇ ಉಳಿ, ಸುತ್ತಿಗೆ ಕೆಳಗಿಡಿ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಹೇಳುವ ಮೋಸ್ ಮಾಪಕದಲ್ಲಿ ಬೆಣಚಿನದು 7. ಸಾಮಾನ್ಯ ಚಾಕುವಿನ ಮೊನೆ ಅದನ್ನು ಗೀರಲಾರದು. ಆದರೂ ಗುರಿ ತಪ್ಪಿದ ಒಂದೇ ಪೆಟ್ಟಿಗೆ ತುದಿ ಹಾರಿಹೋಗುತ್ತದೆ. ಇಲ್ಲಿಂದ ಮುಂದೆ ಬಿದಿರಿನ ಕಡ್ಡಿ ಮತ್ತು ಮೆತ್ತನೆಯ ಕುಂಚವೇ ಸಾಕು.

ಈಗ ನಿಧಾನಿಸಿ. ಒಂದು ಮುಖದ ಮೇಲಿನ ಮಣ್ಣನ್ನು ಮಾತ್ರ ಕುಂಚದಿಂದ ಸರಿಸಿ, ನಾಲ್ಕು ಹನಿ ನೀರು ಚಿಮುಕಿಸಿ. ಪಕ್ಕದ ಮುಖಗಳು ಕೆಸರಾಗಿಯೇ ಇರಲಿ. ಟಾರ್ಚನ್ನು ಎದುರಿನಿಂದ ಹಿಡಿಯದೆ ಪಕ್ಕದಿಂದ, ಆ ಮುಖಕ್ಕೆ ಸವರಿದಂತೆ ಹಿಡಿಯಿರಿ. ಬರಿಗಣ್ಣಿಗೆ ನುಣುಪಾಗಿ ಕಂಡಿದ್ದ ಮೈಮೇಲೆ ಅಡ್ಡಡ್ಡ ಸಣ್ಣ ಗೀರುಗಳು ಎದ್ದು ನಿಲ್ಲುತ್ತವೆ. ಅವು ಉಳಿ ಮಾಡಿದ ಗಾಯಗಳಲ್ಲ, ಹರಳು ಬೆಳೆಯುವಾಗ ಮೂಡಿದ ಗೆರೆಗಳು. ಈ ಚಿತ್ರಕ್ಕಾಗಿ ಅರ್ಧ ಗಂಟೆ ಮಂಡಿಯೂರಿದರೂ ನಷ್ಟವಿಲ್ಲ. ಅಳತೆಪಟ್ಟಿ ಇಟ್ಟು ಒಂದು, ಇಡದೆ ಒಂದು ತೆಗೆಯಿರಿ. ಸುತ್ತಲಿನ ಕೆಂಪು ಮಣ್ಣು ಕ್ಯಾಮೆರಾದ ಬಣ್ಣದ ಲೆಕ್ಕವನ್ನು ದಾರಿ ತಪ್ಪಿಸುವುದರಿಂದ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡಬೇಡಿ.

ಮನೆಗೆ ತಂದ ಬೆಣಚನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬಹುದು. ಕಲ್ಲುಪ್ಪಿನ ಹರಳಾದರೆ ನೀರು ಸೋಕಿಸಲೇಬಾರದು, ಕರಗಿಹೋಗುತ್ತದೆ. ಕಪ್ಪು ಮಖಮಲ್ಲಿನ ಮೇಲಿಟ್ಟು, ಬಟರ್ ಪೇಪರ್ ಮರೆಯಿಂದ ಒಂದೇ ಬದಿಗೆ ಬೆಳಕು ಕೊಡಿ. ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್/8ರಿಂದ ಎಫ್/11, ಟೈಮರ್ 2 ಸೆಕೆಂಡ್. ಹರಳನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರೆ ಒಂದು ಮುಖ ಬೆಳಗಿ ಪಕ್ಕದ್ದು ಕತ್ತಲಾಗುವ ಘಳಿಗೆ ಬರುತ್ತದೆ, ಆಗ ಒತ್ತಿ. ಬೆಣಚಿನ ಕಂಬದಂಥ ಮೈಯಲ್ಲಿ ಅಕ್ಕಪಕ್ಕದ ಮುಖಗಳ ನಡುವಿನ ಕೋನ 120 ಡಿಗ್ರಿ. ಹರಳು ಸೊಟ್ಟಗಿರಲಿ, ಕುಳ್ಳಗಿರಲಿ, ಇಂಥ ಕೋನಗಳು ಬದಲಾಗುವುದಿಲ್ಲವೆಂದು ಡೆನ್ಮಾರ್ಕಿನ ವಿಜ್ಞಾನಿ ನಿಕೋಲಸ್ ಸ್ಟೆನೊ 1669ರಲ್ಲೇ ಗುರುತಿಸಿದ್ದ. ಆ ಮುಖಗಳು ಕೂಡುವ ಅಂಚು ಚಿತ್ರದಲ್ಲಿ ಚೂಪಾಗಿ ಬರಬೇಕು. ನೇರಳೆ ಹರಳನ್ನು ಮಾತ್ರ ಚಿತ್ರ ಮುಗಿದ ಮೇಲೆ ಬಿಸಿಲಿನಲ್ಲಿ ಬಿಡಬೇಡಿ, ಬಣ್ಣ ಕ್ರಮೇಣ ಮಾಸುತ್ತದೆ.

ಗುಂಡಿಯಲ್ಲಿ ತೆಗೆದ ಚಿತ್ರದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು, ಹರಳನ್ನು ಸುತ್ತಿಟ್ಟ ಕಾಗದದೊಳಗೇ ಸೇರಿಸಿಡಿ.