ಎರಡೇ ಅಮಿನೊ ಆಮ್ಲಗಳ ಅಯಾನು ನಾಳ

ಧಾರವಾಡದ ನಮ್ಮ ಪ್ರಯೋಗಾಲಯದಲ್ಲಿ ಕೃತಕ ಅಯಾನು ನಾಳ, ಅಂದರೆ ವಿದ್ಯುದಂಶವುಳ್ಳ ಕಣಗಳು ಪೊರೆಯನ್ನು ದಾಟುವ ದಾರಿ, ಕಟ್ಟಲು ಕುಳಿತಾಗ ನಾನು ಮೊದಲು ಹಾಕಿದ್ದು ಉದ್ದದ ಲೆಕ್ಕ. ಜೀವಕೋಶದ ಪೊರೆಯ ಒಳಗಿನ ಕೊಬ್ಬಿನ ಪದರ ಸುಮಾರು 30 ಆಂಗ್‌ಸ್ಟ್ರಾಮ್ ದಪ್ಪವಿದ್ದು (ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು), ಆಲ್ಫಾ ಸುರುಳಿಯಲ್ಲಿ ಒಂದೊಂದು ಅಮಿನೊ ಆಮ್ಲವೂ 1.5 ಆಂಗ್‌ಸ್ಟ್ರಾಮ್ ಏರುವುದರಿಂದ, 21 ಆಮ್ಲಗಳ ಸರಪಳಿ, ಅಂದರೆ ಪೆಪ್ಟೈಡ್, ಅದನ್ನು ದಾಟಲು ಸಾಕಾಗುತ್ತದೆ. ರಸಾಯನ ವಿಜ್ಞಾನಿ ವಿಲಿಯಂ ಡಿಗ್ರಾಡೊ ಅವರ ತಂಡ 1988ರಲ್ಲಿ ಲ್ಯೂಸಿನ್ ಮತ್ತು ಸೆರಿನ್ ಎಂಬ ಎರಡೇ ಅಮಿನೊ ಆಮ್ಲಗಳಿಂದ ಇಂಥ ನಾಳಗಳನ್ನು ಮಾಡಿ ತೋರಿಸಿತ್ತು. ನಾನೂ ಅದೇ ಹಾದಿ ಹಿಡಿದೆ. ಏಳು ಆಮ್ಲಗಳ ವರಸೆ ಮೂರು ಸಲ ಮರುಕಳಿಸಿದಾಗ ನೀರಿಗೆ ಒಗ್ಗದ ಲ್ಯೂಸಿನ್ ಕೊಬ್ಬಿನ ಕಡೆಗೆ, ನೀರಿಗೆ ಒಗ್ಗುವ ಸೆರಿನ್ ಒಳಗಡೆಗೆ ಮುಖ ಮಾಡುತ್ತವೆ; ಕೆಲವು ಸುರುಳಿಗಳು ಒಟ್ಟುಗೂಡಿದರೆ ನಡುವೆ ದಾರಿ ಉಳಿಯುತ್ತದೆ.

ಪೆಪ್ಟೈಡ್ ತಯಾರಿಕೆಯಲ್ಲಿ ಹೇಳುವಂಥದ್ದೇನೂ ಇಲ್ಲ. ಕಾಡಿದ್ದು ಪೊರೆ. ಪ್ಲಾಸ್ಟಿಕ್ ಬಟ್ಟಲಿನ ಗೋಡೆಯಲ್ಲಿರುವ 200 ಮೈಕ್ರೊಮೀಟರ್ ತೂತಿನ ಮೇಲೆ, ಎಣ್ಣೆಯಂಥ ದ್ರಾವಕವಾದ ಡೆಕೇನ್‌ನಲ್ಲಿ ಕರಗಿಸಿದ ಲಿಪಿಡ್ಡನ್ನು (ಪೊರೆಯ ಕೊಬ್ಬನ್ನು) ಕುಂಚದಿಂದ ಸವರಬೇಕು. ಪೊರೆ ವಿದ್ಯುದಂಶ ಹಿಡಿದಿಡುವ ಅಳತೆಯಾದ ಕೆಪಾಸಿಟನ್ಸ್ ಏರಿ 130 ಪಿಕೋಫ್ಯಾರಡ್‌ನ ಆಸುಪಾಸಿನಲ್ಲಿ ನಿಂತರೆ ಪೊರೆ ತೆಳುವಾಯಿತೆಂದು ತಿಳಿಯಬೇಕು. ಹೊರಗೆ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ಹಾದರೂ ತೆರೆಯ ಮೇಲೆ ವಿದ್ಯುತ್ ಪ್ರವಾಹ ತೋರಿಸುವ ಗೆರೆ ನಡುಗುತ್ತಿತ್ತು. ಗಾಳಿ ತುಂಬಿದ ಸ್ಕೂಟರ್ ಟ್ಯೂಬಿನ ಮೇಲೆ ಶಹಾಬಾದಿ ಕಲ್ಲಿಟ್ಟು, ಅದರ ಮೇಲೆ ಬಟ್ಟಲನ್ನು ಕೂಡಿಸಿದ ಮೇಲೆ ಗೆರೆ ಸುಮ್ಮನಾಯಿತು.

ಪೆಪ್ಟೈಡ್ ಹಾಕಿ 100 ಮಿಲಿವೋಲ್ಟ್ ಕೊಟ್ಟಾಗ, ಒಂದೊಂದೇ ನಾಳ ತೆರೆದು ಮುಚ್ಚಿದಂತೆ ಮೆಟ್ಟಿಲು ಮೆಟ್ಟಿಲಾಗಿ ವಿದ್ಯುತ್ ಹರಿದದ್ದನ್ನು ಕಂಡು ನಾನು ಹಿಗ್ಗಿದೆ. ಮೂರು ವಾರಗಳ ನಂತರ, ಪೆಪ್ಟೈಡ್ ಹಾಕುವುದನ್ನೇ ಮರೆತ ಒಂದು ಮಧ್ಯಾಹ್ನ, ಅವೇ ಮೆಟ್ಟಿಲುಗಳು ಮತ್ತೆ ಕಂಡವು. ಬಟ್ಟಲು ತೊಳೆದಾಗ ಉಳಿದ ಸೋಪಿನ ಅಂಶ ಪೊರೆಯಲ್ಲಿ ತೂತು ಕೊರೆಯುತ್ತಿತ್ತು. ಬರಿಯ ಲಿಪಿಡ್ಡೂ ಹೀಗೆ ನಾಳದ ಸೋಗು ಹಾಕಬಲ್ಲದು. ಆ ಮೂರು ವಾರಗಳ ದಾಖಲೆಯನ್ನೆಲ್ಲ ಕೈಬಿಟ್ಟೆ. ಅಂದಿನಿಂದ ಅರ್ಧ ಗಂಟೆ ಬರಿಯ ಪೊರೆಯನ್ನೇ ನೋಡುತ್ತೇನೆ, ಬೇರೊಂದು ಬಟ್ಟಲಿನಲ್ಲಿ ನಾಳ ಕಟ್ಟುವುದೆಂದು ಚೆನ್ನಾಗಿ ಗೊತ್ತಿರುವ ಗ್ರಾಮಿಸಿಡಿನ್ ಎಂಬ ಪೆಪ್ಟೈಡ್ ಹಾಕಿ ಅದರ ಪರಿಚಿತ ಮೆಟ್ಟಿಲುಗಳನ್ನು ಅಳೆಯುತ್ತೇನೆ, ಆಮೇಲಷ್ಟೇ ನನ್ನ ಪೆಪ್ಟೈಡ್.

ಹೀಗೆ ಸೋಸಿದ ಮೇಲೂ ನಾಳ ಉಳಿಯಿತು. ಒಂದು ಪಿಕೋಆಂಪಿಯರ್ ಎಂದರೆ ಸೆಕೆಂಡಿಗೆ ಸುಮಾರು 62 ಲಕ್ಷ ಅಯಾನುಗಳು ಎಂಬುದನ್ನು ನೆನೆದಾಗ ಈಗಲೂ ಬೆರಗಾಗುತ್ತದೆ. ಆದರೆ ಯಾವ ಅಯಾನನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಆಯ್ಕೆಯ ಮಾತು ಬೇರೆ. ವಿಜ್ಞಾನಿ ರೋಡರಿಕ್ ಮ್ಯಾಕಿನನ್ ಅವರ ತಂಡ 1998ರಲ್ಲಿ ರಚನೆ ಬಿಡಿಸಿ ತೋರಿಸಿದ ಪೊಟ್ಯಾಸಿಯಂ ನಾಳದಲ್ಲಿ ಆಮ್ಲಜನಕದ ಪರಮಾಣುಗಳು ನೀರು ಕಳಚಿಕೊಂಡ ಪೊಟ್ಯಾಸಿಯಂಗೆ ಸರಿಯಾಗಿ ಹೊಂದುವಂತೆ ನಿಂತಿವೆ. ಅದಕ್ಕಿಂತ ಚಿಕ್ಕದಾದ ಸೋಡಿಯಂಗೆ ಅಲ್ಲಿ ಆಸರೆ ಸಾಲದು. ನನ್ನದು ನೀರು ತುಂಬಿದ ಅಗಲ ದಾರಿ. ಬಟ್ಟಲಿನ ಒಂದು ಬದಿಗೆ ಪೊಟ್ಯಾಸಿಯಂ ಬದಲು ಸೋಡಿಯಂ ಕ್ಲೋರೈಡ್ ತುಂಬಿ ನೋಡಿದೆ: ಪ್ರವಾಹ ಸೊನ್ನೆಯಾಗುವ ವೋಲ್ಟೇಜ್ ಕೆಲವೇ ಮಿಲಿವೋಲ್ಟ್ ಸರಿಯಿತು. ಅಂದರೆ ನನ್ನ ನಾಳ ಎರಡನ್ನೂ ಹೆಚ್ಚುಕಡಿಮೆ ಒಂದೇ ತರಹ ಬಿಡುತ್ತದೆ.